ಎಡಪುಟದ ಡಾಕ್ಟ್ರಮ್ಮ

ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಎಡಪುಟದ ಡಾಕ್ಟ್ರಮ್ಮ ಅಂತಲೇ ಹೆಸರು. ಇಟ್ಟವರು ಗೇಲಿಗೆ ಇಟ್ಟರು. ಅವರು ಬಿರುದಿನ ಹಾಗೆ ಹೊತ್ತುಕೊಂಡು ಮೂವತ್ತೊಂದು ವರ್ಷ ನಡೆದರು. ಬೆಳಿಗ್ಗೆ ಹೊರರೋಗಿಗಳ ಕೋಣೆ, ಮಧ್ಯಾಹ್ನ ಪಾಠ. ಹೊಸ ವಿದ್ಯಾರ್ಥಿಗಳ ಕೈಗೆ ಮೊದಲ ದಿನವೇ ಒಂದೊಂದು ದಪ್ಪ ನೋಟ್‌ಬುಕ್ಕು. ಬಲಪುಟದಲ್ಲಿ ವೈದ್ಯರ ಮಾತು: ನಾಡಿ, ರಕ್ತದೊತ್ತಡ, ಮಾತ್ರೆ. ಎಡಪುಟದಲ್ಲಿ ರೋಗಿಯ ಮಾತು, ಆಡಿದ್ದು ಆಡಿದ ಹಾಗೇ.

"ಎಡಪುಟ ತುಂಬೋವರೆಗೂ ಬಲಪುಟಕ್ಕೆ ಪೆನ್ನು ಇಡಬೇಡ್ರಪ್ಪ," ಅನ್ನುತ್ತಿದ್ದರು. "ಬರೆದಿದ್ದನ್ನ ಅವರಿಗೇ ಓದಿ ಹೇಳಿ. ಹೌದು ಅಂದ ಮೇಲೆ ಮುಂದಿನ ಮಾತು."

ಸಹೋದ್ಯೋಗಿಗಳಿಗೆ ನಗುವೋ ನಗು. "ಒಬ್ಬ ರೋಗಿಗೆ ಅರ್ಧ ಗಂಟೆ! ಇವರು ಕಾಯಿಲೆ ವಾಸಿ ಮಾಡ್ತಾರೋ, ಕಾದಂಬರಿ ಬರೀತಾರೋ?" ಬಡ್ತಿ ಎರಡು ಸಲ ಕೈತಪ್ಪಿತು. ಹೋದರೆ ಹೋಗಲಿ ಅಂದರು. ಎದುರಿನ ಕುರ್ಚಿಯಲ್ಲಿ ಕೂತವರು ಹೆತ್ತವರಿಗೂ ಹೇಳದ್ದನ್ನು ತಮಗೆ ಹೇಳುತ್ತಾರಲ್ಲ, ಅದು ಸಾಕಿತ್ತು ಅವರಿಗೆ.

ಶಿಷ್ಯರಲ್ಲಿ ಒಬ್ಬನನ್ನು ಅವರೇ ಪ್ರೀತಿಯಿಂದ 'ಕಿವಿಯಪ್ಪ' ಅನ್ನುತ್ತಿದ್ದರು. ರೋಗಿ ಮಾತಾಡುವಾಗ ಕಣ್ಣು ಮಿಟುಕಿಸದೆ ಕೇಳುತ್ತಿದ್ದ ಪುಣ್ಯಾತ್ಮ. ಅವನೇ ಮುಂದೆ ಆಸ್ಪತ್ರೆಯ ಅಧೀಕ್ಷಕನಾದ. ಒಂದು ದಿನ ಬಂದು, "ಮೇಡಂ, ನಿಮ್ಮ ಪುಸ್ತಕಗಳಿಗೆ ಗೆದ್ದಲು ಹತ್ತುತ್ತೆ. ದಾಖಲೆ ಕೋಣೆಗೆ ಕೊಡಿ, ಮುಂದಿನ ಮಕ್ಕಳ ಪಾಠಕ್ಕಾಗುತ್ತೆ" ಅಂದ. ಓದಿ ಹೇಳದೆ ಯಾವ ಎಡಪುಟವನ್ನೂ ಮುಗಿಸದ ಆ ತಾಯಿ, ಅವನು ಚಾಚಿದ ಒಪ್ಪಿಗೆ ಕಾಗದಕ್ಕೆ ಓದದೆ ಸಹಿ ಹಾಕಿದರು. ಮುಂದೆಯೂ ಒಂದೊಂದು ಪುಸ್ತಕ ತುಂಬಿದ ಹಾಗೆ ತಾವೇ ಕಳಿಸಿಕೊಟ್ಟರು.

ಎದುರು ಬೀದಿಯ ಟೈಲರಮ್ಮನಿಗೆ ಹತ್ತೊಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಹತ್ತೊಂಬತ್ತು ವರ್ಷದಿಂದ ಇದೇ ಡಾಕ್ಟ್ರಮ್ಮ. ಡಾಕ್ಟ್ರಮ್ಮ ರಜೆಯಲ್ಲಿದ್ದಾಗ ಟೈಲರಮ್ಮನ ಹೆಬ್ಬೆರಳಿಗೆ ಗಾಯವಾಯಿತು. ಅದೇ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯವರ ಹತ್ತಿರ ಮೂರು ಸಲ ಹೋದಳು. ಮೂರು ಸಲವೂ ಪಟ್ಟಿ ಬಿಚ್ಚಿ ನೋಡದೆ ಕಳಿಸಿದರು. ಡಾಕ್ಟ್ರಮ್ಮ ಬಂದು ನೋಡುವ ಹೊತ್ತಿಗೆ ಪಾದ ಕಪ್ಪಾಗಿತ್ತು. ಅವತ್ತು ಅವಳು ಹೇಳಿದ್ದೆಲ್ಲ ಎಡಪುಟಕ್ಕೆ ಬಂತು. ಮಾರನೇ ದಿನ ಪಾದ ತೆಗೆದರು. ಹೊಲಿಗೆ ಯಂತ್ರ ತುಳಿಯುವ ಪಾದ!

"ದೂರು ಕೊಡಿ," ಅಂದರು ಡಾಕ್ಟ್ರಮ್ಮ. "ನಾನಿದ್ದೀನಿ."

ವಿಚಾರಣೆಯ ದಿನ ಟೈಲರಮ್ಮನ ಜೊತೆ ಮಗಳೂ ಬಂದಿದ್ದಳು. ಮೇಜಿನಾಚೆಯಿಂದ ಆಸ್ಪತ್ರೆಯ ಪರವಾಗಿ ಕಿವಿಯಪ್ಪ ಎದ್ದ. ಕೈಯಲ್ಲಿ ಆ ಎಡಪುಟದ ನಕಲು. ತಣ್ಣಗೆ ಓದಿದ: "'ಮಾತ್ರೆ ತಗೊಂಡ್ರೆ ಕೈ ನಡುಗುತ್ತೆ ಡಾಕ್ಟ್ರಮ್ಮ. ಮಗಳ ಮದುವೆ ಬಟ್ಟೆ ಹೊಲೀಬೇಕಿತ್ತು, ಹದಿನೈದು ದಿನ ಬಿಟ್ಟುಬಿಟ್ಟೆ. ಅವಳಿಗೆ ಹೇಳಬೇಡಿ, ನೊಂದ್ಕೋತಾಳೆ.'"

ಮಗಳು ತಾಯಿಯ ಕಡೆ ತಿರುಗಿದಳು. ಟೈಲರಮ್ಮ ಮಗಳನ್ನು ನೋಡಲಿಲ್ಲ, ಡಾಕ್ಟ್ರಮ್ಮನನ್ನು ನೋಡಿದಳು.

"ಕೆಳಗಿನ ಸಾಲು ಓದೋ!" ಡಾಕ್ಟ್ರಮ್ಮ ಎದ್ದು ನಿಂತರು. "ಮೂರು ಸಲ ಬಂದೆ, ಯಾರೂ ಪಟ್ಟಿ ಬಿಚ್ಚಲಿಲ್ಲ ಅಂತ ಇದೆ. ಅದನ್ನ ಓದು!"

"ನಕಲಲ್ಲಿ ಇಷ್ಟೇ ಇರೋದು ಮೇಡಂ. ಮೂಲ ಪುಸ್ತಕ ಸದ್ಯಕ್ಕೆ ಸಿಗ್ತಿಲ್ಲ." ಆಮೇಲೆ, ಪಾಠ ಒಪ್ಪಿಸುವವನಂತೆ, "ರೋಗಿಯ ಮಾತನ್ನ ರೋಗಿಯ ಮಾತಲ್ಲೇ ಹೇಳಿದೀನಿ. ನೀವೇ ಕಲಿಸಿದ್ದು."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಡಾಕ್ಟ್ರಮ್ಮ ಆ ಸಾಲನ್ನು ಬಾಯಿಪಾಠವಾಗಿ ಒಪ್ಪಿಸಿದರು, ಮೇಜು ಗುದ್ದಿದರು. ಬಾಯಿಮಾತು ದಾಖಲೆಯಾಗುವುದಿಲ್ಲವಂತೆ. ರೋಗಿಯದೇ ನಿರ್ಲಕ್ಷ್ಯ ಎಂದು ಬರೆದು ದೂರು ಮುಚ್ಚಿದರು. ದುಷ್ಟನೊಬ್ಬ ಮಾಡಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ತಾವೇ ಕೈಹಿಡಿದು ತಿದ್ದಿದವನು ಕುತ್ತಿಗೆ ಕೊಯ್ದ. ಅದಕ್ಕಿಂತ ಹೆಚ್ಚಾಗಿ ಅವರನ್ನು ತಿಂದದ್ದು ಟೈಲರಮ್ಮ ನೋಡಿದ ಆ ನೋಟ.

ಎರಡು ತಿಂಗಳಾದ ಮೇಲೆ ಟೈಲರಮ್ಮ ಊರುಗೋಲು ಹಿಡಿದು ಮಾತ್ರೆಗೆ ಬಂದಳು. ಡಾಕ್ಟ್ರಮ್ಮ ಅಭ್ಯಾಸಬಲದಿಂದ ನೋಟ್‌ಬುಕ್ಕು ತೆರೆದರು.

"ಹೇಳಿ, ಹೇಗಿದೀರಾ?"

"ಚೆನ್ನಾಗಿದೀನಿ."

ಉಳಿದ ಕಾಲಿನ ಕಾಲುಚೀಲ ಬೆರಳ ಹತ್ತಿರ ಒದ್ದೆಯಾಗಿತ್ತು. ಡಾಕ್ಟ್ರಮ್ಮ ನೆಲಕ್ಕೆ ಕೂತು ತಾವೇ ಅದನ್ನು ಕಳಚಿದರು. ಕಿರುಬೆರಳ ಬುಡದಲ್ಲಿ ಹುಣ್ಣು.

"ಅಯ್ಯೋ, ಎಷ್ಟು ದಿನ ಆಯ್ತು ಇದು?"

ಟೈಲರಮ್ಮ ಮೇಜಿನ ಮೇಲಿನ ಪುಸ್ತಕ ನೋಡಿದಳು. ಡಾಕ್ಟ್ರಮ್ಮ ಎದ್ದು ಪುಸ್ತಕ ಮುಚ್ಚಿ ಡ್ರಾಯರಿಗೆ ಹಾಕಿದರು. "ಬರೆಯಲ್ಲಮ್ಮ. ನನ್ನಾಣೆ."

"ಅವತ್ತೂ ನೀವು ಓದಿ ಹೇಳಿದ್ರಿ, ನಾನೇ ಹೌದು ಅಂದಿದ್ದೆ." ಸಿಟ್ಟೇ ಇರಲಿಲ್ಲ ಆ ದನಿಯಲ್ಲಿ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ಎಷ್ಟು ದಿನ ಅಂತ ನೆನಪಿಲ್ಲ ಬಿಡಿ."

ಹತ್ತೊಂಬತ್ತು ವರ್ಷ, ತಲೆನೋವು ಬಂದ ಗಳಿಗೆಯನ್ನೂ ಹೇಳುತ್ತಿದ್ದ ಹೆಂಗಸು. ಡಾಕ್ಟ್ರಮ್ಮ ಹುಣ್ಣು ತೊಳೆದರು, ಪಟ್ಟಿ ಕಟ್ಟಿದರು, ಮೂರು ದಿನಕ್ಕೆ ಬರಲೇಬೇಕು ಅಂದರು. ಅವಳು ತಲೆಯಾಡಿಸಿ ಹೋದಳು. ಆಮೇಲೆ ಡ್ರಾಯರಿನಿಂದ ಪುಸ್ತಕ ತೆಗೆದು ಹುಣ್ಣಿನ ಅಳತೆ, ಔಷಧಿ, ತಾರೀಖು ಬಲಪುಟದಲ್ಲಿ ಬರೆದರು. ಎಡಪುಟದಲ್ಲಿ ಬರೆಯಲು ಏನೂ ಇರಲಿಲ್ಲ.