ವೆಂಕಪ್ಪನವರ ಬಲಗೈ

ದನ ಎದುರಿಗೆ ಬಂದರೆ ಸಾಕು, ವೆಂಕಪ್ಪ ಕಾಂಪೌಂಡರು ಬಲಗೈಯನ್ನು ಕೋಟಿನ ಜೇಬಿಗೆ ಇಳಿಸಿಬಿಡುತ್ತಿದ್ದರು. ದನ ದಾಟಿ ಹೋದ ಮೇಲೂ ತೆಗೆಯುತ್ತಿರಲಿಲ್ಲ. ಧಾರವಾಡದ ಕಡೆಯವರು. ಪುಣೆಯ ದನದ ದವಾಖಾನೆಯಲ್ಲಿ ಗೋರಾ ಡಾಕ್ಟರ, ಅಂದರೆ ಬಿಳಿಯ ಸಾಹೇಬರ, ಕೈಕೆಳಗೆ ವರ್ಷಗಟ್ಟಲೆ ಔಷಧ ಅರೆದವರು.

ಮೊದಲು ಆ ಕೈ ಹಾಗಿರಲಿಲ್ಲ. ಪುಣೆಯಂಚಿನ ಯೆರವಡಾದ ನಮ್ಮ ಸಾಲಿನಲ್ಲಿ ಐದು ಕೊಟ್ಟಿಗೆ, ಕೊನೆಯದು ನಮ್ಮದು. ಹಳ್ಳಿಗಳಿಂದ ದೊಡ್ಡರೋಗದ ಸುದ್ದಿ ಬಂದಾಗ ಅವರು ತಾವಾಗಿಯೇ ಬಂದರು. ಆ ರೋಗ ಹತ್ತಿದ ದನಕ್ಕೆ ಜ್ವರ, ಮೂಗಿನಲ್ಲಿ ನೀರು, ಬಾಯಿಹುಣ್ಣು, ಭೇದಿ, ಆಮೇಲೆ ಸಾವು. ವಸಡಿನ ಮೇಲೆ ಬೆರಳಾಡಿಸಿದರೆ ಹುಣ್ಣು ಮೊದಲೇ ತಿಳಿಯುತ್ತದೆಂದು ಅವರ ನಂಬಿಕೆ. ಮೊದಲ ಕೊಟ್ಟಿಗೆಯ ಎಮ್ಮೆಯ ಬಾಯಿಗೆ ಕೈ ಹಾಕಿ, ಧೋತರಕ್ಕೆ ಒರೆಸಿ, ಎರಡನೆಯದಕ್ಕೆ ಹೋದರು. ಹಾಗೇ ಸಾಲು ಹಿಡಿದು.

"ಹೆಣ್ಣು ನೋಡಾಕ ಬಂದವರೂ ಇಷ್ಟು ಹಲ್ಲು ನೋಡೂದಿಲ್ರಿ ಕಾಂಪೌಂಡ್ರ," ಎಂದು ಅವ್ವ ನಕ್ಕಳು.

ನಾಲ್ಕು ಮುಗಿಯುವಷ್ಟರಲ್ಲಿ ದಣಿದಿದ್ದರು. "ನಿಮ್ದು ನಾಳೆ ನೋಡ್ತೀನಿ."

"ಒಂದ ಉಳದದಲ್ರಿ, ನೋಡಿಬಿಡ್ರಿ," ಎಂದು ನಾನೇ ತಡೆದೆ.

ನೋಡಿದರು. "ಭಾಳ ಛಲೋ ಅದ."

ಮೂರನೆಯ ದಿನ ಮೊದಲ ಕೊಟ್ಟಿಗೆಯ ಎಮ್ಮೆ ಮಲಗಿತು. ವಾರ ಕಳೆದು ಎರಡನೆಯದು, ಮೂರನೆಯದು, ನಾಲ್ಕನೆಯದು. ಕೊನೆಗೆ ನಮ್ಮದು. ಅವರ ಬೆರಳು ಬಂದ ದಾರಿಯಲ್ಲೇ ಸಾವು ನಡೆದು ಬಂದಿತ್ತು.

"ರೋಗ ಕೈಲೆ ದಾಟ್ತದಂತ, ಗೋರಾ ಡಾಕ್ಟರು ಹೇಳಿದ್ರು. ನಾನ ತಂದೆ ನೋಡು," ಎಂದರು ಒಮ್ಮೆ. ನಾನು ತಡೆದದ್ದನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮರುವರ್ಷ ಅವ್ವ ಮೈಮೇಲಿನ ಬಂಗಾರ ಕೊಟ್ಟು ಒಂದು ಎಳೆಯ ಮಣಕ, ಇನ್ನೂ ಈಯದ ಎಮ್ಮೆ, ತಂದಳು. ಇನ್ನು ಅದೇ ನಮ್ಮ ಅನ್ನ. ಒಂದು ದಿನ ವೆಂಕಪ್ಪನವರು ನಮ್ಮ ಕಟ್ಟೆಯ ಮೇಲೆ ಕೂತು, ಚಹದ ಬಸಿ ಹಿಡಿಯಲು ಬಲಗೈ ಹೊರಗೆ ತೆಗೆದಿದ್ದರು. ಮಣಕ ಕತ್ತು ಚಾಚಿ ಆ ಬೆರಳು ನೆಕ್ಕಿತು. ಬಸಿ ಬಿದ್ದು ಒಡೆಯಿತು.

"ತೊಳಿ ಅದರ ಬಾಯಿ! ಲಗೂ ತೊಳಿ!"

"ಏನೂ ಆಗೂದಿಲ್ರಿ. ರೋಗ ಹೋಗಿ ವರ್ಷಾತು."

"ಅವತ್ತೂ ಛಲೋ ಅದ ಅಂತ ನಾನ ಹೇಳಿದ್ದೆ, ತಮ್ಮಾ."

ಮರುದಿನದಿಂದ ಬೆಳಿಗ್ಗೆ ಬಂದು ಹೊರಗೇ ನಿಲ್ಲುತ್ತಿದ್ದರು. "ಮೇವು ತಿಂತೇನು?"

"ತಿಂತ್ರಿ."

"ಮೂಗಿನ್ಯಾಗ ನೀರು?"

"ಇಲ್ರಿ."

ಏಳು ದಿನ ಬಂದರು. ಎಂಟನೆಯ ದಿನ ಬರಲಿಲ್ಲ. ಹೋಗಿ ನೋಡಿದರೆ ಕೋಣೆ ಖಾಲಿ. ಊರಿಗೆ ಹೋದರೆಂದು ಪಕ್ಕದವರು ಅಂದರು. ಹಿಂದಿನ ಸಲ ವಾರ ಕಳೆದ ಮೇಲೇ ಎಮ್ಮೆಗಳು ಮಲಗಿದ್ದವು; ಎಂಟನೆಯ ದಿನದ ಉತ್ತರ ಕೇಳುವ ಧೈರ್ಯ ಅವರಿಗೆ ಆಗಿರಲಿಲ್ಲ.

ನಾನು ಅಕ್ಷರ ಕಲಿತದ್ದು ತಡವಾಗಿ. ಕಲಿತು ಬರೆದ ಮೊದಲ ಕಾಗದ ಅವರಿಗೇ: ಮಣಕ ಬದುಕಿತು, ಈದಿತು; ಅವತ್ತು ನಿಮ್ಮನ್ನು ತಡೆದವನು ನಾನು.

ಧಾರವಾಡದಿಂದ ಕಾಗದ ವಾಪಸು ಬಂತು. ಯಾರೂ ಒಡೆದಿರಲಿಲ್ಲ.