ನಾಲಿಗೆ ನೋಡುವ ಫಾದರ್
ಕಾಪು ಸಮೀಪದ ಮಿಷನ್ ಆಸ್ಪತ್ರೆಯಲ್ಲಿ ರೋಗಿಗಳ ನಾಲಿಗೆಯ ಮೇಲೆ ಪರಮಪ್ರಸಾದದ ತೆಳು ಬಿಳಿ ರೊಟ್ಟಿ ಇಡುವ ಫಾದರ್ ಕ್ಲಾರೆನ್ಸ್ ಮುಖ ಮರೆತರೂ ನಾಲಿಗೆ ಮರೆಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಒಂದು ಕೈಯಲ್ಲಿ ಪ್ರಸಾದದ ಡಬ್ಬಿ, ಇನ್ನೊಂದರಲ್ಲಿ ಟಾರ್ಚು ಹಿಡಿದು ವಾರ್ಡಿಗೆ ಬರುತ್ತಾರೆ. "ನನಗೆ ಪ್ರಸಾದವೇ ಇಲ್ಲ, ನಾಲಿಗೆ ಎಂತಕ್ಕೆ ಫಾದರ್?" ಎಂದು ಹೆಜಮಾಡಿಯ ಹಿಂದೂ ಮೀನುಗಾರ ಹೂವಪ್ಪ ಕೇಳಿದರೆ, "ಬೈಗುಳ ಎಷ್ಟು ಉಳಿದುಂಟು ನೋಡುತ್ತೇನೆ, ಬಾಯಿ ತೆರೆ ಮಾರಾಯ" ಎನ್ನುತ್ತಾರೆ. ಬಿಳಿ ಕಂಡರೆ ನರ್ಸಿಗೆ ಕೂಗುತ್ತಾರೆ: "ಸಿಸ್ಟರ್, ಬೂಷ್ಟು ಉಂಟು, ಡಾಕ್ಟರಿಗೆ ಹೇಳಿ." 1979ರಲ್ಲಿ ವೈರಸ್ ಜ್ವರದಿಂದ ಮಲಗಿದ್ದ ಶಿರ್ವದ ಆಂಜೆಲಾಳ ನಾಲಿಗೆಯ ಮೇಲೆ ಅವರು ಮೂರು ದಿನ ಬಿಳಿ ಚೂರು ಕಂಡರೂ ಹಿಂದಿನ ದಿನದ ಪ್ರಸಾದ ಕರಗಿಲ್ಲವೆಂದು ತಿಳಿದು, ಭಕ್ತಿಯಿಂದ ಶಿಲುಬೆಯ ಗುರುತು ಮಾಡಿ ಸುಮ್ಮನಾದರು. ಸೋತ ದೇಹದಲ್ಲಿ ಬೆಳೆದ ಬೂಷ್ಟು ಅದು ಎಂದು ಗೊತ್ತಾಗುವಾಗ ರಕ್ತಕ್ಕೆ ಇಳಿದಾಗಿತ್ತು. ಅವಳ ಮರಣದ ಪೂಜೆಯನ್ನು ಅವರೇ ಅರ್ಪಿಸಿದರು. ಟಾರ್ಚು ಕೊಂಡದ್ದು ಮರುದಿನ.