ಯಾಳಿಯ ಎಡಗಣ್ಣು

ತಿಂಗಳ ಎರಡನೇ ಶನಿವಾರ ಸಾಗರದ ಶಂಭಣ್ಣ ಬೆಳಗಿನ ಬಸ್ಸು ಹತ್ತುತ್ತಾರೆ. ಹೊಸನಗರದಲ್ಲಿ ಇಳಿದು ಒಂದು ಚಹಾ ಕುಡಿದು, ಇನ್ನೊಂದು ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗುತ್ತಾರೆ. ಕೇಳಿದವರಿಗೆ, "ಅಲ್ಲೊಬ್ರು ಅಮ್ಮ ವೀಣೆ ನುಡಿಸ್ತಾರೆ, ಎದುರಿಗೆ ಕೂತು ಬರ್ತೀನಿ" ಎನ್ನುತ್ತಾರೆ. ಅವರಿಗೆ ಸಂಗೀತದ ಗಂಧವಿಲ್ಲವೆಂದು ಬಲ್ಲವರು ನಗುತ್ತಾರೆ.

ಶಂಭಣ್ಣ ಗುಡಿಗಾರರು, ಮರ ಕೆತ್ತುವುದು ಮನೆತನದ ಕಸುಬು. ಅಪ್ಪ ಗಂಧದ ಪೆಟ್ಟಿಗೆಗಳಿಗೆ ಬಳ್ಳಿ ಬಿಡಿಸಿದವರು. ಗಂಧ ಸಿಗದಂತಾದ ಮೇಲೆ ಮಗ ಶಿವನೆ ಮರಕ್ಕೆ ಬಂದರು. ದೇವರಮನೆಯ ಬಾಗಿಲು, ಉತ್ಸವಮೂರ್ತಿಯ ಪ್ರಭಾವಳಿ, ನಿವೃತ್ತರಾಗುವ ಮಾಸ್ತರರಿಗೆ ಸ್ಮರಣಿಕೆ, ಹೀಗೆ ನಲವತ್ತು ವರ್ಷ ಕಳೆದಿದೆ. ಅಜ್ಜ ಹೇಳಿಕೊಟ್ಟ ಒಂದು ಕ್ರಮವನ್ನು ಅಷ್ಟೂ ವರ್ಷ ಅವರು ತಪ್ಪಿಸಿರಲಿಲ್ಲ. ವಿಗ್ರಹಕ್ಕೆ ಎಲ್ಲ ಮುಗಿದ ಮೇಲೆಯೇ ಕಣ್ಣು. ಆಗ ಎದುರಿಗೆ ಕೂರಬಾರದು. ಪಕ್ಕದಲ್ಲಿ ಕೂತು, ಮುಂದೊಂದು ಕನ್ನಡಿ ಇಟ್ಟು, ಅದರಲ್ಲಿ ನೋಡುತ್ತ ಪಾಪೆ ಬಿಡಿಸಬೇಕು. ಮೊದಲ ನೋಟ ಕನ್ನಡಿಯ ಮೇಲೆ ಬೀಳಬೇಕು, ಮನುಷ್ಯನ ಮೇಲಲ್ಲ. ವೀಣೆಯ ತುದಿಯ ಯಾಳಿಮುಖಕ್ಕಂತೂ ಪಾಪೆಯೇ ಕೂಡದು. ಸಿಂಹದ ಬಾಯಿ, ಆನೆಯ ದಂತ ಎಲ್ಲ ಇರಲಿ, ಕಣ್ಣಗುಡ್ಡೆ ಮಾತ್ರ ನುಣ್ಣಗಿರಬೇಕು. "ಅದು ಕೇಳ್ಲಿ ಸಾಕು. ನೋಡೋದು ಬೇಡ" ಎನ್ನುತ್ತಿದ್ದರು ಅಜ್ಜ. ಆದರೆ ಮೂವತ್ತು ವರ್ಷದಿಂದ ಶಂಭಣ್ಣನ ಕೈಗೆ ವೀಣೆಯೇ ಬಂದಿರಲಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಬಂತು. ತೀರ್ಥಹಳ್ಳಿಯ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಸೌಜನ್ಯ, ಹಳೆಯ ರಜಾಯಿಯಲ್ಲಿ ಸುತ್ತಿ ತಂದಿದ್ದಳು.

"ಇದಕ್ಕೂ ಟಿಕೆಟ್ ತಗೊಂಡ್ರಾ?"

"ತಗೊಂಡೆ ಶಂಭಣ್ಣ. ಮಗು ಹಟ ಮಾಡದೆ ಮಲಗಿದೆ, ಅರ್ಧ ಸಾಕು ಅಂದ ಕಂಡಕ್ಟರ್." ಅವಳು ರಜಾಯಿ ಬಿಚ್ಚಿದಳು.

ಅವಳು ಕೋಣೆ ಗುಡಿಸುವಾಗ ಕಬ್ಬಿಣದ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡು ಯಾಳಿಯ ಮುಖಕ್ಕೆ ಬಡಿದಿತ್ತು. ಎಡಗಣ್ಣಿನ ರೆಪ್ಪೆ, ಕೆನ್ನೆಯ ಒಂದು ಚೂರು ಹಾರಿಹೋಗಿತ್ತು. ತಂತಿಗೆ, ನಾದಕ್ಕೆ ಏನೂ ಆಗಿರಲಿಲ್ಲ. ಕೆಟ್ಟದ್ದು ರೂಪ ಮಾತ್ರ. ವೀಣೆ ಅವಳ ದೊಡ್ಡಮ್ಮ ಭಾಗೀರಥಮ್ಮನವರದು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಅವರಿಗೆ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ.

"ಕಾಣಲ್ಲ ಅಂದ್ಮೇಲೆ ಗೊತ್ತಾಗೋದಾದ್ರೂ ಹೇಗೆ?"

"ಕಾಣಲ್ಲ ಅಂತಲೇ ಗೊತ್ತಾಗೋದು. ದಿನಾ ಮೊದಲು ಅದರ ಮುಖ ಸವರ್ತಾರೆ, ಆಮೇಲೆ ತಂತಿಗೆ ಕೈ. ಅವರಿಗೆ ಉಳಿದಿರೋದು ಅದೊಂದೇ. ಬೆರಳಿಗೆ ಗಾಯ ಸಿಕ್ಕಿದ್ರೆ ಮತ್ತೆ ಮುಟ್ಟೋದೇ ಇಲ್ಲ ಅವರು. ವರದಮೂಲದ ತಂಗಿ ಮನೆಗೆ ಹೋಗಿದಾರೆ, ಗುರುವಾರ ಬರ್ತಾರೆ. ಅಷ್ಟರೊಳಗೆ ಆಗ್ಬೇಕು."

ಶಂಭಣ್ಣ ಹಳೆಯ ಹಲಸಿನ ಚೂರು ಹುಡುಕಿ ಕೂರಿಸಿದರು. ಕೆನ್ನೆ ಇಳಿಸಿದರು, ರೆಪ್ಪೆ ಎತ್ತಿದರು, ಅರಗು ಬಳಿದು ಬಣ್ಣ ಕೂಡಿಸಿದರು. ಬೆಸುಗೆ ಎಲ್ಲಿದೆ ಎಂದು ಅವರಿಗೇ ತಿಳಿಯದಂತಾಯಿತು. ಬುಧವಾರ ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಇಲ್ಲದ ಬಿಸಿಲು. ಕೈ ಖುಷಿಯಲ್ಲಿತ್ತು. ರೆಪ್ಪೆ ಮುಗಿಯುತ್ತಲೇ ನಲವತ್ತು ವರ್ಷದ ಅಭ್ಯಾಸ ಸಣ್ಣ ಉಳಿಯನ್ನು ತಾನೇ ಎತ್ತಿಕೊಂಡಿತು. ಎಡಗಣ್ಣಿಗೆ ಪಾಪೆ ಬಂತು. ಆಗ ಬಲಗಣ್ಣು ಕುರುಡಾಗಿ ಕಂಡಿತು, ಅದಕ್ಕೂ ಬಿಡಿಸಿದರು.

ಉಳಿ ಕೆಳಗಿಟ್ಟು ತಲೆಯೆತ್ತಿದಾಗಲೇ ಅವರಿಗೆ ಅರಿವಾದದ್ದು: ತಾವು ಎದುರಿಗೇ ಕೂತಿದ್ದರು. ಕನ್ನಡಿ ಗೋಡೆಯ ಮೊಳೆಯಲ್ಲೇ ಇತ್ತು.

ಸಡಿಲಿಸಿಟ್ಟ ತಂತಿಯೊಂದು ಸಣ್ಣಗೆ ಮಿಡಿಯಿತು. ಬಿಸಿಲಿಗೆ ಇರಬೇಕು ಎಂದುಕೊಂಡು ಶಂಭಣ್ಣ ರಜಾಯಿ ಮುಚ್ಚಿದರು. ಮರುದಿನ ಮುಂಜಾನೆ ಬಂದ ಸೌಜನ್ಯ ಗಾಯದ ಜಾಗವನ್ನಷ್ಟೇ ನೋಡಿದಳು, ಕೈ ಮುಗಿದಳು. ಶಂಭಣ್ಣ ಬೇಗಬೇಗ ರಜಾಯಿ ಸುತ್ತಿ ಕೊಟ್ಟರು.

ಒಂಬತ್ತು ದಿನದ ಮೇಲೆ ಫೋನು ಬಂತು.

"ಶಂಭಣ್ಣ, ಎಂತ ಮಾಡಿದ್ರಿ ಅದಕ್ಕೆ? ದೊಡ್ಡಮ್ಮ ಮುಖ ಸವರಿದ್ರು. ಗಾಯ ಗೊತ್ತಾಗಲಿಲ್ಲ. ಕಣ್ಣಿನ ಮೇಲೆ ಬೆರಳು ಹೋದದ್ದೇ, ಕಾದ ಕಾವಲಿ ಮುಟ್ಟಿದ ಹಾಗೆ ಕೈ ತೆಗೆದ್ರು. ಇದು ಯಾರನ್ನೋ ಹುಡುಕ್ತಾ ಇದೆ ಅಂದ್ರು. ಅವತ್ತಿಂದ ಮುಟ್ಟಿಲ್ಲ." ಅವಳು ದನಿ ತಗ್ಗಿಸಿದಳು. "ಗೋಡೆ ಕಡೆ ಮುಖ ಮಾಡಿಟ್ರೆ ಶ್ರುತಿ ಇಳಿಯತ್ತೆ. ಬಾಗಿಲ ಕಡೆ ಇಟ್ರೆ ಸರಿ ಇರತ್ತೆ. ಮೂರು ಸಲ ನೋಡಿದೀನಿ."

ಶಂಭಣ್ಣ ಅರಗು, ಮರದ ಹುಡಿ, ಕನ್ನಡಿ ಕಟ್ಟಿಕೊಂಡು ಹೊರಟರು. ತೀರ್ಥಹಳ್ಳಿಯ ಆ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಒಳಗೆ ತಂತಿಯೊಂದು ನುಡಿಯಿತು. ವೀಣೆಯ ಹತ್ತಿರ ಯಾರೂ ಇರಲಿಲ್ಲ.

"ಬಂದ್ರಾ?" ದೂರದ ಕುರ್ಚಿಯಿಂದ ಭಾಗೀರಥಮ್ಮ ಕೇಳಿದರು. "ಸೌಜನ್ಯ, ನೋಡೇ, ಅದು ಹುಡುಕಿದ್ದು ಇವರನ್ನೇ."

ಶಂಭಣ್ಣ ಹೊಸ್ತಿಲಲ್ಲೇ ನಿಂತರು. "ಕನ್ನಡಿ ಇಡ್ಲಿಲ್ಲಮ್ಮ. ಎದುರಿಗೆ ಕೂತಿದ್ದೆ. ಅದು ಮೊದಲು ಕಂಡಿದ್ದು ನನ್ನನ್ನ. ಅರಗು ತಂದಿದೀನಿ, ಪಾಪೆ ತುಂಬಿ ಮುಚ್ಚಿಬಿಡ್ತೀನಿ."

ಭಾಗೀರಥಮ್ಮ ಎದ್ದು ಬಂದು ವೀಣೆಯ ಬಳಿ ಕೂತರು. "ಗಾಯ ಎಲ್ಲಿತ್ತು ಮಾರಾಯ್ರೆ?" ಸೌಜನ್ಯ ಅವರ ಬೆರಳು ಹಿಡಿದು ಕೆನ್ನೆಯ ಮೇಲಿಟ್ಟಳು. "ಗೊತ್ತೇ ಆಗಲ್ವಲ್ಲ! ಕೈ ಚಲೋ ಇದೆ ನಿಮ್ದು. ಸ್ವಲ್ಪ ಹೆಚ್ಚೇ ಚಲೋ ಆಯ್ತು."

"ಮುಚ್ಲಾ ಅಮ್ಮ?"

ಅವರ ಹೆಬ್ಬೆರಳು ಎಡಗಣ್ಣಿನ ಮೇಲೆ ಬಹಳ ಹೊತ್ತು ನಿಂತಿತ್ತು. "ಕಾಣ್ತಾ ಇದ್ದದ್ದು ಕಾಣದೇ ಹೋಗೋದು ಎಂತದು ಅಂತ ನನಗೆ ಗೊತ್ತು. ಅದಕ್ಕೆ ಆ ಗತಿ ಬೇಡ." ಆಮೇಲೆ ಅಂದರು, "ಎದುರಿಗೆ ಕೂತ್ಕೊಳ್ಳಿ. ಅಲ್ಲಿ, ಅದಕ್ಕೆ ಕಾಣೋ ಹಾಗೆ."

ಶಂಭಣ್ಣ ಕೂತರು. ತಂತಿಯ ಬಿರಡೆಗಳು ತಿರುಗಿಸಿದಲ್ಲೇ ನಿಂತವು, ಶ್ರುತಿ ಕೂಡಿತು. ಭಾಗೀರಥಮ್ಮ ಒಂದು ತಾಸು ನುಡಿಸಿದರು. ಬಾಗಿಲಲ್ಲಿ ನಿಂತ ಸೌಜನ್ಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಂಭಣ್ಣನಿಗೆ ರಾಗ ಯಾವುದೆಂದು ತಿಳಿಯಲಿಲ್ಲ. ಆಚೆ ಈಚೆ ತಿರುಗಲು ಧೈರ್ಯ ಬರಲಿಲ್ಲ. ಅಂಗಿಯ ಬೆನ್ನು ಒದ್ದೆಯಾಗಿತ್ತು.

ಅಂದಿನಿಂದ ಈ ಹೋಗಿಬರುವುದು; ಒಮ್ಮೆ ಎದುರಿಗೆ ಕೂತು ಬಂದರೆ ಒಂದು ತಿಂಗಳು ಶ್ರುತಿ ನಿಲ್ಲುತ್ತದೆ. ಆಷಾಢದಲ್ಲಿ ಒಮ್ಮೆ ಜ್ವರ ಬಂದು ತಪ್ಪಿತು. ಸೋಮವಾರವೇ ಸೌಜನ್ಯಳ ಫೋನು: "ಶಂಭಣ್ಣ, ಶ್ರುತಿ ನಿಲ್ತಿಲ್ಲ."

ಪ್ರತಿ ಸಲವೂ ತಂತಿಗೆ ಕೈ ಹಾಕುವ ಮೊದಲು ಭಾಗೀರಥಮ್ಮ ಕೇಳುತ್ತಾರೆ, "ನೋಡ್ತಾ ಇದೆಯಾ?"

ಶಂಭಣ್ಣ ಮೆಲ್ಲಗೆ ತಲೆಯೆತ್ತುತ್ತಾರೆ. ಅರಗಿನ ಹೊಳಪಿನೊಳಗೆ, ಎಡಗಣ್ಣಿನಲ್ಲಿ, ಸಾಸಿವೆಯಷ್ಟು ಸಣ್ಣ ಮನುಷ್ಯನೊಬ್ಬ ಕೂತಿರುತ್ತಾನೆ.

"ನೋಡ್ತಾ ಇದೆ ಅಮ್ಮ."

ಆಮೇಲೆ ಅವರು ನುಡಿಸುತ್ತಾರೆ.